ಮಂಜಲ್ಲಿ ಹಕ್ಕಿ ಫೋಟೋ: ಯಾವ ಲೆನ್ಸು, ಯಾವ ಜಾಗ, ಯಾವ ಹೊತ್ತು?

ಹೋದ ವರ್ಷ ಜುಲೈ ತಿಂಗಳಲ್ಲಿ ಬೆಂಗಳೂರಿಂದ ಅಕ್ಕನ ಮಗ ಬಂದಿದ್ದ. ಹೆಗಲಲ್ಲಿ ಬಾಡಿಗೆಗೆ ತಂದ 600 ಎಂಎಂ ಲೆನ್ಸು (ಎಂಎಂ ಜಾಸ್ತಿಯಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ). ಬೆಳಿಗ್ಗೆ ಐದೂವರೆಗೆ ಹೊರಟು ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರದ ಕಡೆ ಹೋದೆವು. ಹತ್ತು ಗಂಟೆಗೆ ನೀರುದೋಸೆ ತಿನ್ನುತ್ತಾ ಅವನು ಕ್ಯಾಮೆರಾ ಪರದೆ ನೋಡಿದ. ಎಂಟುನೂರು ಚಿಲ್ಲರೆ ಫೋಟೋ. ಅದರಲ್ಲಿ ಹಕ್ಕಿ ಅಂತ ಗುರುತು ಸಿಗುವಂಥವು ಹನ್ನೊಂದು. ಉಳಿದದ್ದೆಲ್ಲ ಮಜ್ಜಿಗೆ.

“ಮಾವ, ಲೆನ್ಸು ಕೆಟ್ಟಿದೆ ಅನ್ಸುತ್ತೆ” ಅಂದ.

ಲೆನ್ಸು ಚೆನ್ನಾಗಿಯೇ ಇತ್ತು. ಅವನು ಬೆಳಗಿನಿಂದ ದೂರದ ಮರದ ತುದಿಯನ್ನೇ ಹೊಡೆಯುತ್ತಿದ್ದ, ಅಷ್ಟೇ. ನನ್ನ ಹತ್ತಿರ ಇದ್ದದ್ದು ಹಳೇ 300 ಎಂಎಂ. ಅದರಲ್ಲಿ ದೂರದ್ದು ಹೇಗೂ ಸಿಗುವುದಿಲ್ಲ ಅಂತ ರಸ್ತೆ ಪಕ್ಕದ ಮೋರಿ, ಬೇಲಿ, ಕಲ್ಲು ನೋಡಿಕೊಂಡು ಕೂತಿದ್ದೆ. ಹಾಗಾಗಿ ನನಗೆ ಒಂದಷ್ಟು ಸಿಕ್ಕವು. ಜಾಣತನ ಏನಿಲ್ಲ, ಲೆನ್ಸಿನ ಬಡತನ.

ಚಿಕ್ಕಮಗಳೂರಿಗೆ, ಸಕಲೇಶಪುರಕ್ಕೆ ಕ್ಯಾಮೆರಾ ಹಿಡಿದು ಬರುವವರು ಕೇಳುವುದು ಒಂದೇ ಪ್ರಶ್ನೆ: “ಮಂಜು ಇರುತ್ತಲ್ಲ, ಯಾವ ಲೆನ್ಸ್ ತರಲಿ?” ಪ್ರಶ್ನೆ ಸರಿಯೇ. ಆದರೆ ಅದಕ್ಕೂ ಮುಂಚೆ ಇನ್ನೆರಡು ಇತ್ಯರ್ಥ ಆಗಬೇಕು. ಹಕ್ಕಿ ಎಷ್ಟು ದೂರ, ಮಂಜು ಯಾವ ಕಾಲದ್ದು.

ಕಂಬ ಎಣಿಸುವ ಲೆಕ್ಕ

ಮಂಜು ಅಂದರೆ ಗಾಳಿಯಲ್ಲಿ ತೇಲುವ ಸಣ್ಣ ಸಣ್ಣ ನೀರಿನ ಹನಿ. ಹಕ್ಕಿಯ ಮೈಯಿಂದ ನಿಮ್ಮ ಕಡೆ ಬರುವ ಬೆಳಕನ್ನು ಅವು ಆಚೀಚೆ ಚೆದುರಿಸುತ್ತವೆ. ಅದು ಸಾಲದು ಅಂತ ಸುತ್ತಲಿನ ಬಿಳಿ ಬೆಳಕನ್ನು ತಂದು ಲೆನ್ಸಿನೊಳಗೆ ಸುರಿಯುತ್ತವೆ. ಕಪ್ಪು ಬೂದಿಯಾಗುತ್ತದೆ. ಕೆಂಪು ತೊಳೆದ ಬಟ್ಟೆಯ ಹಾಗಾಗುತ್ತದೆ. ದೂರ ಹೋದ ಹಾಗೆ, ಉಳಿದಿದ್ದರಲ್ಲೇ ಮತ್ತೆ ಒಂದು ಪಾಲು ಕಳೆಯುತ್ತಾ ಹೋಗುತ್ತದೆ.

ಹವಾಮಾನದವರ ಲೆಕ್ಕದಲ್ಲಿ 1,000 ಮೀಟರಿಗಿಂತ ಕಮ್ಮಿ ಕಾಣುತ್ತಿದ್ದರೆ ಅದು ಮಂಜಿನ ಜಾತಿ. ನಮ್ಮ ಘಾಟಿಯಲ್ಲಿ 200 ಮೀಟರ್ ಕಂಡರೆ ಅದೇ ಪುಣ್ಯ. ಆ 200 ಮೀಟರನ್ನೇ ಇಟ್ಟುಕೊಂಡು ಲೆಕ್ಕ ಹಾಕಿ. 20 ಮೀಟರ್ ದೂರದ ಹಕ್ಕಿಯಲ್ಲಿ ಕಪ್ಪಿಗೂ ಬಿಳಿಗೂ ಇರುವ ವ್ಯತ್ಯಾಸ ಸುಮಾರು ಮುಕ್ಕಾಲು ಭಾಗ ಉಳಿದಿರುತ್ತದೆ. 50 ಮೀಟರಿಗೆ ಅದು ಅರ್ಧಕ್ಕೂ ಸ್ವಲ್ಪ ಕಮ್ಮಿ. 100 ಮೀಟರಿಗೆ ಕಾಲು ಭಾಗವೂ ಇಲ್ಲ. 600 ಎಂಎಂ ಲೆನ್ಸು ಆ 100 ಮೀಟರಿನ ಹಕ್ಕಿಯನ್ನು ಹತ್ತಿರ ತರುತ್ತದೆ, ನಿಜ. ಮಧ್ಯದ 100 ಮೀಟರ್ ಮಂಜನ್ನೂ ಜೊತೆಗೇ ತರುತ್ತದೆ.

ದೂರ ಅಳೆಯುವುದು ಹೇಗೆ ಅಂತೀರಾ? ರಸ್ತೆ ಬದಿಯ ಕರೆಂಟ್ ಕಂಬ ಎಣಿಸಿ. ಒಂದರಿಂದ ಒಂದಕ್ಕೆ ಅಂದಾಜು 50 ಮೀಟರ್ ಅಂತ ಇಟ್ಟುಕೊಳ್ಳಿ. ನಾಲ್ಕನೇ ಕಂಬ ಮಸುಕಾಗಿ ಕಂಡು ಐದನೆಯದು ಮಾಯವಾಗಿದ್ದರೆ 200 ಮೀಟರ್ ಕಾಣುತ್ತಿದೆ ಅಂತ ಅರ್ಥ. ಆಗ ಮೊದಲನೇ ಕಂಬದೊಳಗೆ ಇರುವ ಹಕ್ಕಿಗೆ ಮಾತ್ರ ಕ್ಯಾಮೆರಾ ಎತ್ತಿ. ಎರಡೇ ಕಂಬ ಕಂಡರೆ ಅರ್ಧ ಕಂಬದ ದೂರ. ಅಂದರೆ ಕಾಣುವ ದೂರದ ಕಾಲು ಭಾಗ ನಿಮ್ಮದು. ಅರ್ಧ ದಾಟಿದ ಮೇಲೆ ಗರಿ, ಕಣ್ಣು ಮರೆತುಬಿಡಿ. ಅಲ್ಲಿ ಸಿಗುವುದು ಬರೀ ಆಕಾರ. ಆಕಾರವೂ ಚೆಂದವೇ, ಆದರೆ ಅದು ಬೇರೆ ಫೋಟೋ. ಅದರ ಮಾತು ಮುಂದೆ ಬರುತ್ತದೆ.

ಈ ಕಾಲು ಭಾಗದ ಲೆಕ್ಕ ತಲೆಯಲ್ಲಿ ಕೂತರೆ ಉಳಿದ ಆಯ್ಕೆಗಳು ಸುಮಾರಾಗಿ ತಾವಾಗಿಯೇ ಬಗೆಹರಿಯುತ್ತವೆ.

ಮಳೆಗಾಲದ ಮಂಜೋ, ಚಳಿಗಾಲದ ಮಂಜೋ?

ಹೆಸರು ಒಂದೇ, ಸ್ವಭಾವ ಬೇರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾವು ಮಂಜು ಅನ್ನುವುದು ನಿಜಕ್ಕೂ ಮೋಡ. ಸಮುದ್ರದ ಕಡೆಯ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಏರಿದಂತೆ ತಣ್ಣಗಾಗಿ ಮೋಡವಾಗುತ್ತದೆ. ನಾವು ಅದರ ಹೊಟ್ಟೆಯೊಳಗೆ ನಿಂತಿರುತ್ತೇವೆ. ಬಿಸಿಲು ಬಂದು ಅದನ್ನು ಕರಗಿಸುವುದಿಲ್ಲ, ಗಾಳಿ ಬಂದು ದೂಡಬೇಕು. ಐದು ನಿಮಿಷ ತೆರೆ, ಹದಿನೈದು ನಿಮಿಷ ಮುಚ್ಚು. ಮಧ್ಯೆ ಜಡಿಮಳೆ. ಬೆಳಕು ಕಮ್ಮಿ, ಆದರೆ ಎಲ್ಲ ಕಡೆಯಿಂದಲೂ ಸಮನಾಗಿ ಬರುತ್ತದೆ, ನೆರಳೇ ಇರುವುದಿಲ್ಲ. ಇದರ ದೊಡ್ಡ ಲಾಭ ಏನೆಂದರೆ ಮಧ್ಯಾಹ್ನ ಹನ್ನೆರಡಕ್ಕೂ ಫೋಟೋ ತೆಗೆಯಬಹುದು. ಬೆಳಗಿನ ಜಾವ ಏಳುವ ಶಿಕ್ಷೆ ಇಲ್ಲ.

ಚಳಿಗಾಲದ್ದು ನೆಲದ ಮಂಜು. ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲ ಬೇಗ ಕಾವು ಬಿಡುತ್ತದೆ. ಅದಕ್ಕೆ ತಾಗಿದ ತೇವದ ಗಾಳಿ ತಣ್ಣಗಾಗಿ ಗದ್ದೆಬಯಲು, ಕೆರೆ, ಕಣಿವೆಯಲ್ಲಿ ಕೂತುಬಿಡುತ್ತದೆ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ಹತ್ತೋ ಹದಿನೈದೋ ನಿಮಿಷ ಇದ್ದಾಗ. ಎಂಟೂವರೆ, ಒಂಬತ್ತಕ್ಕೆ ಮಂಜು ಕರಗಿ ಮುಗಿಯುತ್ತದೆ. ನಿಮಗೆ ಸಿಗುವುದು ಎರಡು ಗಂಟೆ. ಆದರೆ ಆ ಎರಡು ಗಂಟೆಯಲ್ಲಿ ಒಂದು ಇಪ್ಪತ್ತು ನಿಮಿಷ ಮಂಜಿನೊಳಗೆ ಬಿಸಿಲು ನುಗ್ಗಿ ಇಡೀ ಬಯಲು ಹಳದಿಯಾಗುತ್ತದೆ. ಅದಕ್ಕೆ ಸಮ ಯಾವುದೂ ಇಲ್ಲ. ಮಂಜು ಹರಿಯುವಾಗ ಹಕ್ಕಿಗಳೂ ಮೈ ಕಾಯಿಸಲು ಮರದ ತುದಿಗೆ, ಬೇಲಿಗೆ ಬರುತ್ತವೆ. ಪಿಕಳಾರ, ಕುಟ್ರುಹಕ್ಕಿ, ಮೈನಾ ಎಲ್ಲ ಗರಿ ಉಬ್ಬಿಸಿಕೊಂಡು ಗುಂಡಗೆ ಕೂತಿರುತ್ತವೆ. ಹತ್ತಿರ ಹೋದರೂ ಏಳಲು ಸೋಮಾರಿತನ.

ಹಕ್ಕಿಗಳ ಪಟ್ಟಿಯೂ ಬೇರೆ. ಮಳೆಗಾಲದಲ್ಲಿ ಚಳಿಗಾಲದ ವಲಸೆ ಹಕ್ಕಿಗಳು ಬಹುಪಾಲು ಇಲ್ಲ. ಚಳಿಗಾಲದಲ್ಲಿ ಕುಂಡೆಕುಸ್ಕ, ನವರಂಗ, ನೊಣಹಿಡುಕಗಳು ಬಂದಿರುತ್ತವೆ. ಜನವರಿ ಫೆಬ್ರವರಿಯಲ್ಲಿ ತೋಟದ ಹಾಲುವಾಣ ಮರ ಎಲೆ ಉದುರಿಸಿ ಕೆಂಪಗೆ ಹೂ ಬಿಡುತ್ತದೆ. ಬಿಳಿ ಮಂಜು, ಬೋಳು ಕೊಂಬೆ, ಕೆಂಪು ಹೂ, ಅದರ ಮೇಲೆ ಕಾಜಾಣ. ಇನ್ನೇನು ಬೇಕು?

ಒಂದೇ ಸಲ ಬರುವವರು ನೀವಾದರೆ ಡಿಸೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದೊಳಗೆ ಬನ್ನಿ. ಬರಿಗೈಯಲ್ಲಿ ಹೋಗುವ ಸಂಭವ ಕಮ್ಮಿ. ಎರಡನೇ ಸಲ ಬರುವವರಿಗೆ ನಾನು ಆಗಸ್ಟ್ ಹೇಳುತ್ತೇನೆ. ಯಾಕೆ ಅಂದರೆ ಒಂದು ಹಕ್ಕಿಯ ಸಲುವಾಗಿ.

ಮಲಬಾರ್ ವಿಸ್ಲಿಂಗ್ ಥ್ರಶ್. ಶಾಲೆಗೆ ಚಕ್ಕರ್ ಹೊಡೆದ ಹುಡುಗ ಗೊತ್ತುಗುರಿ ಇಲ್ಲದೆ ಸಿಳ್ಳೆ ಹಾಕಿಕೊಂಡು ಹೋದ ಹಾಗೆ ಇದರ ಹಾಡು. ಇಂಗ್ಲಿಷಿನವರು ‘ವಿಸ್ಲಿಂಗ್ ಸ್ಕೂಲ್‌ಬಾಯ್’ ಅಂತಲೇ ಅಡ್ಡಹೆಸರು ಇಟ್ಟಿದ್ದಾರೆ. ಒಂದು ದಿನ ಚಾರ್ಮಾಡಿ ಹಾದಿಯಲ್ಲಿ ಎರಡು ಕಂಬದ ಮಂಜು. ಕಾರಿನ ಕಿಟಕಿ ಇಳಿಸಿ ಕೂತಿದ್ದೆ. ಟಕ್, ಟಕ್ ಅಂತ ಸದ್ದು. ಮೋರಿ ಕಟ್ಟೆ ಮೇಲೆ, ನನ್ನಿಂದ ಹನ್ನೆರಡು ಮೀಟರ್ ಇರಬಹುದು, ಈ ಹಕ್ಕಿ ಒಂದು ಸಣ್ಣ ಏಡಿಯನ್ನು ಕಚ್ಚಿಕೊಂಡು ಕಲ್ಲಿಗೆ ಬಡಿಯುತ್ತಿತ್ತು. ಏಡಿಯ ಒಂದು ಕಾಲು ಮುರಿದು ಬಿತ್ತು. ಹಕ್ಕಿ ನಿಲ್ಲಿಸಿ ಆ ಕಾಲನ್ನು ನೋಡಿತು. ಮತ್ತೆ ಬಡಿಯಿತು. ಮೈಯೆಲ್ಲ ಕರಿ, ಮಳೆಯಲ್ಲಿ ನೆಂದು ಇನ್ನೂ ಕರಿ. ಹಣೆಯ ಮೇಲೆ, ರೆಕ್ಕೆಯ ಹೆಗಲಲ್ಲಿ ಮಾತ್ರ ಹೊಳೆಯುವ ನೀಲಿ. ಹಿಂದೆ ಇದ್ದ ಮರ, ಬಂಡೆ, ಯಾರೋ ಎಸೆದ ಚಿಪ್ಸ್ ಪೊಟ್ಟಣ ಯಾವುದೂ ಇಲ್ಲ, ಬರೀ ಬಿಳಿ. ಬಿಸಿಲಿನ ದಿನ ಅದೇ ಮೋರಿ ಎಷ್ಟು ಗಲೀಜಾಗಿ ಕಾಣುತ್ತದೆ ಅಂತ ನನಗೆ ಗೊತ್ತು. ಮಂಜು ಇಲ್ಲಿ ಅಡ್ಡಿಯಲ್ಲ, ಪರದೆ ಕಟ್ಟಿಕೊಟ್ಟ ಸಹಾಯಕ. ಹಕ್ಕಿ ಪರದೆಯ ಈಚೆ ಇರಬೇಕು, ಅಷ್ಟೇ.

ಯಾವ ಜಾಗ?

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲು ಎಲ್ಲರಿಗೂ ಗೊತ್ತು. 1,900 ಮೀಟರಿಗೂ ಮೇಲಿನ ಶಿಖರ, ಸುತ್ತ ಹುಲ್ಲುಗಾವಲು, ಬೆಟ್ಟದ ಮಡಿಕೆಗಳಲ್ಲಿ ಶೋಲಾ ಅನ್ನುವ ಕುಳ್ಳ ಮರಗಳ ಕಾಡು. ಹುಲ್ಲಿನ ಹಕ್ಕಿಗಳು ಕಲ್ಲಿನ ಮೇಲೆ, ಪೊದೆ ತುದಿಯ ಮೇಲೆ ಕೂರುತ್ತವೆ, ಹಿನ್ನೆಲೆ ಸ್ವಚ್ಛ. ಆದರೆ ಗಾಳಿ ಜೋರು, ಕ್ಯಾಮೆರಾ ಕೈಯಲ್ಲಿ ನಿಲ್ಲುವುದಿಲ್ಲ. ಶನಿವಾರ ಭಾನುವಾರ ಹಕ್ಕಿಗಿಂತ ಹಾರನ್ನು ಜಾಸ್ತಿ. ವಾಹನಗಳಿಗೆ ಮಿತಿ, ಮುಂಗಡ ನೋಂದಣಿ ಅಂತ ನಿಯಮಗಳಿವೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ನಾನಂತೂ ಗಿರಿಗೆ ಹೋದರೆ ಮಂಗಳವಾರ, ಬುಧವಾರ.

ಕೊಟ್ಟಿಗೆಹಾರ, ದೇವರಮನೆ, ಚಾರ್ಮಾಡಿ ಮೇಲ್ಭಾಗ ಮಳೆಗಾಲಕ್ಕೆ. ಘಾಟಿ ರಸ್ತೆಯ ತಿರುವಲ್ಲಿ ಮಾತ್ರ ಗಾಡಿ ನಿಲ್ಲಿಸಬೇಡಿ. ಮಂಜಲ್ಲಿ ಲಾರಿಯವರಿಗೆ ನೀವು ಕಾಣುವುದಿಲ್ಲ.

ಬಿಸಿಲೆ ಕಾಡು ಹಕ್ಕಿಗೆ ಸ್ವರ್ಗ, ಫೋಟೋಗೆ ಕಷ್ಟ. ದಟ್ಟ ಮರದಡಿ ಕತ್ತಲು, ಅದರ ಮೇಲೆ ಮಂಜು. ಶಟರ್ ವೇಗ 60ಕ್ಕೆ, ಅಂದರೆ ಸೆಕೆಂಡಿನ ಅರವತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೊದಲ ಸಲದವರಿಗೆ ಬೇಡ. ಕಿವಿಗೆ ಬೇಕಾದರೆ ಹೋಗಿ.

ಹೊಸಬರಿಗೆ ನಾನು ಹೇಳುವುದು ಕೆರೆ. ಹಿರೇಕೊಳಲೆ, ಬೇಲೂರಿನ ಯಗಚಿ ಹಿನ್ನೀರು, ಹಳೇಬೀಡಿನ ದ್ವಾರಸಮುದ್ರ, ಗೊರೂರು ಕಡೆಯ ಹೇಮಾವತಿ ಹಿನ್ನೀರು. ಚಳಿಗಾಲದ ಬೆಳಿಗ್ಗೆ ನೀರು ಗಾಳಿಗಿಂತ ಬೆಚ್ಚಗಿರುತ್ತದೆ, ಅದರ ಮೇಲಿಂದ ಹಬೆ ಏಳುತ್ತದೆ. ಸೂರ್ಯ ಹುಟ್ಟುವ ದಿಕ್ಕಿಗೆ ಮುಖ ಮಾಡಿ ನಿಲ್ಲಿ. ಬೆಳ್ಳಕ್ಕಿ, ನೀರುಕಾಗೆ, ಕೊಕ್ಕರೆ ಹಬೆಯಲ್ಲಿ ಕಪ್ಪು ಆಕಾರವಾಗಿ ಕಾಣುತ್ತವೆ. ಆಗಲೇ ಹೇಳಿದ ಆಕಾರದ ಫೋಟೋ ಇದೇ. ಇಲ್ಲಿ ದೂರದ ಕಾಲು ಭಾಗದ ಲೆಕ್ಕವನ್ನು ಸಡಿಲಿಸಬಹುದು. ಒಂದೇ ಷರತ್ತು: ಹಕ್ಕಿಯ ಮೈಕಟ್ಟು ಗುರುತು ಹಿಡಿಯುವಂತಿರಬೇಕು. ರೆಕ್ಕೆ ಬಿಚ್ಚಿ ಒಣಗಿಸುವ ನೀರುಕಾಗೆ ಯಾರಿಗೂ ಗೊತ್ತಾಗುತ್ತದೆ. ಎದುರಿಗೆ ಮುಖ ಮಾಡಿದ ಮೈನಾ ಆಲೂಗಡ್ಡೆ ಥರ ಬರುತ್ತದೆ. ಪಕ್ಕಕ್ಕೆ ತಿರುಗಿ ಕೊಕ್ಕು ಕಾಣುವವರೆಗೆ ಕಾಯಿರಿ.

ಭದ್ರಾ 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಮುತ್ತೋಡಿಯಲ್ಲಿ ಜೀಪು, ಲಕ್ಕವಳ್ಳಿಯಲ್ಲಿ ದೋಣಿ. ಹಿನ್ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡುತ್ತವೆ. ಚೆಂದ, ಆದರೆ ಅಲ್ಲಿ ಎಷ್ಟು ಹತ್ತಿರ ಅನ್ನುವುದು ನಿಮ್ಮ ಕೈಯಲ್ಲಿಲ್ಲ.

ನನ್ನ ಅಚ್ಚುಮೆಚ್ಚಿನ ಜಾಗ ಯಾವ ನಕ್ಷೆಯಲ್ಲೂ ಇಲ್ಲ. ಕಾಫಿ ಒಣಗಿಸುವ ಕಣ. ಜನವರಿ ಬೆಳಿಗ್ಗೆ ಕಾಫಿ ರಾಶಿಯ ಮೇಲೆ ಟಾರ್ಪಾಲು ಮುಚ್ಚಿರುತ್ತಾರೆ, ಅದರ ಮೇಲೆಲ್ಲ ಇಬ್ಬನಿ. ಪಕ್ಕದ ಖಾಲಿ ಜಾಗದಲ್ಲಿ ಕುಂಡೆಕುಸ್ಕಗಳು ಬಾಲ ಕುಣಿಸುತ್ತಾ ಓಡಾಡುತ್ತವೆ. ನೆಲ ಸಪಾಟು. ಹೊಟ್ಟೆ ಮೇಲೆ ಮಲಗಿದರೆ ಹಕ್ಕಿ ಹತ್ತು ಮೀಟರಿಗೆ ಬರುತ್ತದೆ. ತೋಟದವರನ್ನೋ ರೈಟರನ್ನೋ (ತೋಟದ ಗುಮಾಸ್ತ) ಮೊದಲು ಕೇಳಿ. ಕೇಳಿದರೆ ಬಹಳ ಜನ ಬೇಡ ಅನ್ನುವುದಿಲ್ಲ, ಕಾಫಿಯನ್ನೂ ಕೊಡುತ್ತಾರೆ. ಕೇಳದೆ ನುಗ್ಗಿದರೆ ನಾಯಿ ಬಿಡುತ್ತಾರೆ, ಅದೂ ಸರಿಯೇ.

ಈಗ ಲೆನ್ಸು

ಮೂರು ಬಗೆಯ ಜನ ಬರುತ್ತಾರೆ.

ಒಂದು, 150-600 ಅಥವಾ 200-600 ಎಂಎಂ ಜೂಮ್ ಇರುವವರು. ಸುಮಾರು ಎರಡು ಕಿಲೋ ತೂಕ. ಉದ್ದಕ್ಕೆ ಎಳೆದಾಗ ಅಪರ್ಚರ್, ಅಂದರೆ ಬೆಳಕು ನುಗ್ಗುವ ಕಿಂಡಿ, ಎಫ್ 6.3. ಈ ಅಂಕಿ ಸಣ್ಣದಾದಷ್ಟೂ ಕಿಂಡಿ ಅಗಲ. ಇನ್ನೊಂದು, 100-400 ಅಥವಾ 70-300 ಇರುವವರು. ಹಗುರ, ಕೈಯಲ್ಲೇ ಹಿಡಿಯಬಹುದು. ಮೂರನೆಯದು ಸೂಪರ್‌ಜೂಮ್ ಕ್ಯಾಮೆರಾ, ನಿಕಾನ್ ಪಿ950 ಥರದ್ದು. ಅದರಲ್ಲಿ 2000 ಎಂಎಂಗೆ ಸಮನಾದ ಜೂಮ್ ಇದೆ. ಕೇಳಿದ ತಕ್ಷಣ ಆಸೆ ಆಗುತ್ತದೆ, ಅಲ್ವಾ?

ಮಂಜಲ್ಲಿ ಆ ಆಸೆಯೇ ಮೋಸ. ಬಿಸಿಲಲ್ಲಿ ಪಿ950 ಬಹಳ ಒಳ್ಳೆ ಕ್ಯಾಮೆರಾ, ಆ ದುಡ್ಡಿಗೆ ಅಷ್ಟು ದೂರ ತೋರಿಸುವಂಥದ್ದು ಕಮ್ಮಿ. ಆದರೆ ಒಳಗೆ ಬೆಳಕು ಹಿಡಿಯುವ ಸೆನ್ಸಾರ್ ಚಿಕ್ಕ ಉಗುರಿನಷ್ಟೂ ಇಲ್ಲ. ಬೆಳಕು ಕಮ್ಮಿಯಾದಾಗ ಫೋಟೋದಲ್ಲಿ ಕಾಳು ಕಾಳು ಎದ್ದುಬಿಡುತ್ತದೆ, ಮಂಜಿನ ನುಣುಪು ಬಿಳಿಯಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ನಿಮ್ಮ ಹತ್ತಿರ ಅದೇ ಇದ್ದರೆ ಬೇಜಾರು ಬೇಡ. ಜೂಮನ್ನು ಅರ್ಧಕ್ಕಿಂತ ಕೆಳಗೆ ಇಟ್ಟುಕೊಂಡು ಹತ್ತಿರದ ಹಕ್ಕಿ, ಕೆರೆಯ ಕಪ್ಪು ಆಕಾರ ಇಷ್ಟಕ್ಕೆ ಬಳಸಿ. ಚೆನ್ನಾಗಿಯೇ ಬರುತ್ತದೆ.

300ಕ್ಕೂ 600ಕ್ಕೂ ಹೋಲಿಸಿದರೆ? ಒಂದು ಕೆಮ್ಮೀಸೆ ಪಿಕಳಾರ ತಗೊಳ್ಳಿ. ಕೊಕ್ಕಿನಿಂದ ಬಾಲದವರೆಗೆ ಸುಮಾರು 20 ಸೆಂಟಿಮೀಟರ್. 20 ಮೀಟರ್ ದೂರದಲ್ಲಿ ಕೂತಿದೆ. 300 ಎಂಎಂ ಲೆನ್ಸಿನಲ್ಲಿ ಅದು ಸೆನ್ಸಾರ್ ಮೇಲೆ 3 ಎಂಎಂ ಆಗಿ ಬೀಳುತ್ತದೆ. 600ರಲ್ಲಿ 6 ಎಂಎಂ. ಕ್ರಾಪ್ ಸೆನ್ಸಾರ್ ಕ್ಯಾಮೆರಾದ (ಫುಲ್ ಫ್ರೇಮ್‌ಗಿಂತ ಸಣ್ಣ ಅಳತೆಯದು) ಸೆನ್ಸಾರ್ ಎತ್ತರ 15ರಿಂದ 16 ಎಂಎಂ. ಅಂದರೆ 300ರಲ್ಲಿ ಹಕ್ಕಿ ಚೌಕಟ್ಟಿನ ಎತ್ತರದ ಐದನೇ ಒಂದು ಭಾಗ. ಬಿಸಿಲಲ್ಲಿ ಇದು ಸಣ್ಣದು ಅನ್ನಿಸುತ್ತದೆ. ಮಂಜಲ್ಲಿ ನನಗೆ ಇದೇ ಅಳತೆ ಇಷ್ಟ. ಹಕ್ಕಿ ಸಣ್ಣಗಿದ್ದು ಸುತ್ತ ಬಿಳಿ ಖಾಲಿ ಇದ್ದರೆ ಮಂಜು ಮಂಜಾಗಿ ಕಾಣುತ್ತದೆ. ಚೌಕಟ್ಟು ತುಂಬ ಹಕ್ಕಿ ತುಂಬಿಸಿದರೆ ಮಂಜು ಎಲ್ಲಿ ಹೋಯಿತು? ಸ್ಟುಡಿಯೋದಲ್ಲಿ ತೆಗೆದ ಹಾಗಿರುತ್ತದೆ.

600 ಇರುವವರು ಅದನ್ನು ಮನೆಯಲ್ಲಿ ಬಿಟ್ಟು ಬನ್ನಿ ಅಂತ ಹೇಳುತ್ತಿಲ್ಲ. ಹತ್ತಿರದ ಹಕ್ಕಿಗೆ 600 ಹಾಕಿದರೆ ಕಣ್ಣಿನ ಸುತ್ತಲಿನ ಗರಿಯ ಮೇಲಿನ ಇಬ್ಬನಿ ಹನಿಯೂ ಸಿಗುತ್ತದೆ. ಅದನ್ನು ದೂರ ದಾಟುವ ಸೇತುವೆ ಅಂದುಕೊಳ್ಳಬೇಡಿ, ಅಷ್ಟೇ. ಕೊಳ್ಳುವವರಿಗೆ, ಅದರಲ್ಲೂ ಮಲೆನಾಡಿನಲ್ಲೇ ಇದ್ದು ವರ್ಷದಲ್ಲಿ ನಾಲ್ಕೈದು ತಿಂಗಳು ಇದೇ ಬೆಳಕಲ್ಲಿ ತೆಗೆಯುವವರಿಗೆ, ನನ್ನ ಮಾತು ಬೇರೆ: ಉದ್ದಕ್ಕೆ ಕೊಡುವ ದುಡ್ಡನ್ನು ಅಗಲಕ್ಕೆ ಕೊಡಿ. 300 ಎಂಎಂ ಎಫ್ 4 ಲೆನ್ಸು ಎಫ್ 6.3ಕ್ಕಿಂತ ಎರಡೂವರೆ ಪಟ್ಟು ಬೆಳಕು ಒಳಗೆ ಬಿಡುತ್ತದೆ. ಎಫ್ 6.3ರಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿದಷ್ಟೂ ಕಾಳು) 3200 ಬೇಕಾದ ಕಡೆ ಎಫ್ 4ರಲ್ಲಿ 1250 ಸಾಕು. ಹಳೇದು, ಬಳಸಿದ್ದು ಸಿಕ್ಕರೂ ಪರವಾಗಿಲ್ಲ. ಒಳಗೆ ಫಂಗಸ್ ಇದೆಯಾ ಅಂತ ಟಾರ್ಚ್ ಹಾಕಿ ನೋಡಿ ತಗೊಳ್ಳಿ.

ಮಂಜು ಕಳೆಯುವ ಫಿಲ್ಟರ್ ಅಂತ ಯಾರಾದರೂ ಮಾರಲು ಬಂದರೆ ಸುಮ್ನೆ ನಮಸ್ಕಾರ ಹಾಕಿ ಕಳಿಸಿ. ಮಂಜಿನ ಹನಿ ಎಲ್ಲ ಬಣ್ಣದ ಬೆಳಕನ್ನೂ ಸುಮಾರಾಗಿ ಒಂದೇ ಸಮ ಚೆದುರಿಸುತ್ತದೆ. ಯುವಿ ಗಾಜು ಹಾಕಿ ಅದನ್ನು ತಡೆಯಲಾಗುವುದಿಲ್ಲ. ಫ್ಲ್ಯಾಶ್ ಕೂಡ ಹಾಗೆಯೇ. ಘಾಟಿಯಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಏಳುತ್ತಲ್ಲ, ಅದೇ ಕತೆ.

ಆಟೋಫೋಕಸ್ಸೋ, ಕೈಯಲ್ಲೋ?

ಆಟೋಫೋಕಸ್ ಕೆಲಸ ಮಾಡುವುದು ಕಪ್ಪು ಬಿಳುಪಿನ ಅಂಚು ಹುಡುಕಿ. ಮಂಜು ತಿನ್ನುವುದೂ ಅದನ್ನೇ. ಹಾಗಾಗಿ ಲೆನ್ಸು ಹಿಂದೆ ಮುಂದೆ ಜುಯ್ ಜುಯ್ ಅಂತ ತಡಕಾಡುತ್ತದೆ. ಹೊಸ ಕ್ಯಾಮೆರಾಗಳ ಕಣ್ಣು ಹಿಡಿಯುವ ಆಟೋಫೋಕಸ್ ಹತ್ತಿರದ ಹಕ್ಕಿಗೆ ಚೆನ್ನಾಗಿದೆ. ಮಂಜು ದಪ್ಪ ಆದಾಗ ಅದು ಎದುರಿನ ಕಡ್ಡಿಯನ್ನೇ ಹಕ್ಕಿ ಅಂತ ಪ್ರೀತಿಸಲು ಶುರು ಮಾಡುತ್ತದೆ.

ಆಗ ಒಂದೇ ಚುಕ್ಕಿಗೆ ಇಳಿಯಿರಿ. ಚುಕ್ಕಿಯನ್ನು ಹಕ್ಕಿಯ ಎದೆಯ ಮೇಲೆ ಇಡಬೇಡಿ, ಅಲ್ಲಿ ಅಂಚಿಲ್ಲ. ಕತ್ತಿನ ಗೆರೆ, ಅಥವಾ ಕಾಲು ಕೊಂಬೆ ಹಿಡಿದ ಜಾಗ ಒಳ್ಳೆಯದು. ಲೆನ್ಸಿನಲ್ಲಿ ಫೋಕಸ್ ಲಿಮಿಟರ್ ಗುಂಡಿ (ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವಂಥದ್ದು) ಇದ್ದರೆ ಹಾಕಿ, ತಡಕಾಟ ಅರ್ಧ ಕಮ್ಮಿಯಾಗುತ್ತದೆ. ಕೈಯಲ್ಲಿ ಫೋಕಸ್ ಮಾಡುವುದು ಗೆಲ್ಲುವುದು ಒಂದು ಕಡೆ: ಕಾಜಾಣ, ನೊಣಹಿಡುಕ ಥರದ ಹಕ್ಕಿಗಳಲ್ಲಿ. ಅವು ಹಾರಿ ಹುಳ ಹಿಡಿದು ಅದೇ ಕೊಂಬೆಗೆ ವಾಪಸ್ ಬರುತ್ತವೆ. ಕೊಂಬೆಗೆ ಫೋಕಸ್ ಇಟ್ಟು ಕೈ ತೆಗೆದು ಕೂರಿ.

ಬೆಳಕಿನ ವಿಷಯ ಸುಲಭ. ಕ್ಯಾಮೆರಾ ಬಿಳಿಯನ್ನೆಲ್ಲ ಬೂದಿ ಮಾಡಲು ನೋಡುತ್ತದೆ, ನೀವು ಬಿಡಬೇಡಿ. ಕ್ಯಾಮೆರಾದ ಬೆಳಕಿನ ಲೆಕ್ಕ ತಿದ್ದುವ ಎಕ್ಸ್‌ಪೋಶರ್ ಕಾಂಪನ್ಸೇಶನ್ ಒಂದು ಸ್ಟಾಪ್ (ಅಂದರೆ ಎರಡರಷ್ಟು ಬೆಳಕು) ಜಾಸ್ತಿ ಇಟ್ಟು ಶುರು ಮಾಡಿ. ಕರೀ ಹಕ್ಕಿಗೆ ಇನ್ನೊಂದು ಮೂರನೇ ಒಂದು ಸ್ಟಾಪ್ ಏರಿಸಿ, ಬೆಳ್ಳಕ್ಕಿಗೆ ಅಷ್ಟೇ ಇಳಿಸಿ. ಕತ್ತಲಾಗಿ ತೆಗೆದು ಮನೆಯಲ್ಲಿ ಬೆಳಗಿಸುತ್ತೇನೆ ಅಂದುಕೊಂಡರೆ ಕಾಳು ಏಳುತ್ತದೆ. ಐಎಸ್‌ಒ 3200ಕ್ಕೆ ಹೆದರಬೇಡಿ. ಕೂತ ಹಕ್ಕಿಗೆ ಶಟರ್ 400, ಕುಪ್ಪಳಿಸುವುದಕ್ಕೆ 800. ಹಾರುವ ಹಕ್ಕಿಗೆ 1600 ಬೇಕು, ಮಂಜಲ್ಲಿ ಅಷ್ಟು ಬೆಳಕು ಸಿಗುವುದು ಅಪರೂಪ. ನಾನು ಪ್ರಯತ್ನವನ್ನೇ ಬಿಟ್ಟಿದ್ದೇನೆ.

ಕಾರೋ, ಕಾಲ್ನಡಿಗೆಯೋ?

ನಡೆದರೆ ಹಕ್ಕಿ ಹತ್ತಿರ ಹೋಗಬಹುದು ಅನ್ನುವುದು ತಪ್ಪು. ಮನುಷ್ಯನ ಆಕಾರ ಕಂಡರೆ ಹಕ್ಕಿ ಹಾರುತ್ತದೆ, ಕಾರು ಕಂಡರೆ ಅಷ್ಟಾಗಿ ಹಾರುವುದಿಲ್ಲ. ಕಾಡುಕೋಳಿ ಹುಂಜ ಬೆಳಿಗ್ಗೆ ತೋಟದ ರಸ್ತೆಗೆ ಬರುತ್ತದೆ. ಇಂಜಿನ್ ಆರಿಸಿ ಕೂತವರಿಗೆ ಅದು ಹದಿನೈದು ಮೀಟರಿಗೂ ಸಿಗುತ್ತದೆ, ಬಾಗಿಲು ತೆಗೆದವರಿಗೆ ಬಾಲವೂ ಸಿಗುವುದಿಲ್ಲ. ಮಂಜಿನ ದಿನ ಗಿಡುಗ, ಗರುಡಗಳಿಗೂ ಮೇಲೇರಲು ಬಿಸಿಗಾಳಿ ಇರುವುದಿಲ್ಲ. ಕಂಬದ ಮೇಲೆ ಸಪ್ಪೆ ಮುಖ ಹಾಕಿ ಕೂತಿರುತ್ತವೆ.

ಕಾರಿನ ಪರವಾಗಿ ಇನ್ನೂ ದೊಡ್ಡ ಕಾರಣ ಆನೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯ ತೋಟಗಳಲ್ಲಿ ಆನೆ ಓಡಾಡುತ್ತವೆ. ಮಂಜಲ್ಲಿ ಇಪ್ಪತ್ತು ಮೀಟರಿನ ಆನೆ ಬಂಡೆಯ ಹಾಗೆ ಕಾಣುತ್ತದೆ. ಎಲ್ಲಿದೆ ಅಂತ ಊರವರಿಗೆ ಗೊತ್ತಿರುತ್ತದೆ, ಅವರ ವಾಟ್ಸಾಪ್ ಗುಂಪಿಗೆ ಬಂದಿರುತ್ತದೆ. ಟೀ ಅಂಗಡಿಯಲ್ಲಿ ಒಂದು ಮಾತು ಕೇಳಿ. “ಇವತ್ತು ಆ ಕಡೆ ಬೇಡ ಮಾರಾಯ್ರೆ” ಅಂದರೆ ಬೇಡ. ವಾದ ಮಾಡಬೇಡಿ.

ನಡೆಯಲೇಬೇಕಾದ ಕಡೆ ನಾನು ಕಂಬಳಿಕೊಪ್ಪೆ ಹಾಕುತ್ತೇನೆ. ಪೇಟೆಯ ಪ್ಲಾಸ್ಟಿಕ್ ಕೋಟು ಪ್ರತಿ ಹೆಜ್ಜೆಗೂ ಸರಸರ ಅನ್ನುತ್ತದೆ, ಕಂಬಳಿ ಸದ್ದು ಮಾಡುವುದಿಲ್ಲ. ಕರೀ ಬಣ್ಣ, ಮನುಷ್ಯನ ಭುಜದ ಆಕಾರವೂ ಮುಚ್ಚುತ್ತದೆ. ಕ್ಯಾಮೆರಾ ಒಳಗೇ ಬೆಚ್ಚಗಿರುತ್ತದೆ. ಒದ್ದೆ ಕುರಿಯ ವಾಸನೆ ಮಾತ್ರ ಸಹಿಸಿಕೊಳ್ಳಬೇಕು. ಮಳೆಗಾಲವಾದರೆ ಕಾಲಿಗೆ ಬೇವಿನೆಣ್ಣೆ, ಜೇಬಲ್ಲಿ ಉಪ್ಪು, ಇಂಬಳಕ್ಕೆ (ಜಿಗಣೆಗೆ).

ಟ್ರೈಪಾಡ್ ಕೆರೆ ದಡಕ್ಕೆ ಸರಿ. ಕಾರಿಗೆ ಬೀನ್ ಬ್ಯಾಗ್, ಅಂದರೆ ಲೆನ್ಸು ಊರುವ ಕಾಳಿನ ಚೀಲ, ಉತ್ತಮ. ಅಂಗಡಿಯದೇ ಬೇಕಿಲ್ಲ, ಹಳೇ ಪ್ಯಾಂಟಿನ ಒಂದು ಕಾಲು ಕತ್ತರಿಸಿ ರಾಗಿ ತುಂಬಿ ಎರಡೂ ಕಡೆ ಹೊಲಿದರೆ ಆಯಿತು. ನನ್ನದು ಒಂದು ಆಶ್ಲೇಷ ಮಳೆಯಲ್ಲಿ ನೆಂದು ಕಾರಿನ ಡಿಕ್ಕಿಯಲ್ಲೇ ಉಳಿಯಿತು. ವಾರ ಬಿಟ್ಟು ನೋಡಿದರೆ ಮೊಳಕೆ ಬಂದಿತ್ತು. ಈಗ ಥರ್ಮಾಕೋಲ್ ಗುಳಿಗೆ ತುಂಬಿದ್ದೇನೆ.

ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಹತ್ತಿರ ಕರೆಯುವುದು ಇನ್ನೊಂದು ದಾರಿ ಅಂತ ಕೆಲವರು ಹೇಳುತ್ತಾರೆ. ಗೂಡು ಕಟ್ಟುವ ಕಾಲದಲ್ಲಿ ಅದು ಹಕ್ಕಿಗೆ ಬರೀ ಗಾಬರಿ. ಹೋಲಿಕೆಗೆ ಸೇರಿಸುವುದೇ ಇಲ್ಲ.

ಕಂಪ್ಯೂಟರಿನಲ್ಲಿ ಮಂಜು ಒರೆಸುವುದು

ಡೀಹೇಜ್ ಅಂತ ಒಂದು ಜಾರುಗುಂಡಿ ಇರುತ್ತದೆ. ಅಕ್ಕನ ಮಗ ಅದನ್ನು ತುದಿಗೆ ಎಳೆದು ತೋರಿಸಿದ. ಹಕ್ಕಿ ಸ್ವಲ್ಪ ಕಂಡಿತು, ಆಕಾಶ ಬೂಷ್ಟು ಹಿಡಿದ ಗೋಡೆ ಆಯಿತು. ಕಳೆದುಹೋದ ವಿವರವನ್ನು ಆ ಗುಂಡಿ ಹುಟ್ಟಿಸುವುದಿಲ್ಲ, ಉಳಿದದ್ದನ್ನು ಹಿಗ್ಗಿಸುತ್ತದೆ, ಕಾಳನ್ನೂ ಸೇರಿಸಿ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದಿ ಕುಗ್ಗಿಸದ ಮೂಲ ಫೈಲು) ತೆಗೆಯಿರಿ. ಹಕ್ಕಿಯನ್ನು ಮಾತ್ರ ಆಯ್ದುಕೊಂಡು ಅದಕ್ಕಷ್ಟೇ 10 ಅಥವಾ 15ರಷ್ಟು ಕೊಡಿ. ಮಂಜನ್ನು ಮುಟ್ಟಬೇಡಿ. ಮಳೆಗಾಲದ ಫೋಟೋ ತುಸು ನೀಲಿಗೆ ತಿರುಗಿದ್ದರೆ ನಾನು ಹಾಗೆಯೇ ಬಿಡುತ್ತೇನೆ. ಚಳಿ ಕಾಣಲಿ.

ಮನೆಗೆ ಬಂದ ಮೇಲೆ

ಇದನ್ನು ಯಾರೂ ಕೇಳುವುದಿಲ್ಲ, ಆದರೆ ಮಲೆನಾಡಿನಲ್ಲಿ ಲೆನ್ಸು ಹಾಳಾಗುವುದು ಇಲ್ಲೇ. ಕಾರಿನ ಎಸಿಯಲ್ಲಿ ತಣ್ಣಗಾದ ಲೆನ್ಸನ್ನು ಒದ್ದೆ ಗಾಳಿಗೆ ತೆಗೆದರೆ ಗಾಜಿನ ಮೇಲೇ ಮಂಜು ಕೂರುತ್ತದೆ. ಹತ್ತು ನಿಮಿಷ ಮುಂಚೆ ಎಸಿ ಆರಿಸಿ ಕಿಟಕಿ ಇಳಿಸಿ. ಚಳಿಗಾಲದಲ್ಲಿ ಇದು ಉಲ್ಟಾ. ಹೊರಗಿನ ಚಳಿಯಿಂದ ಬಂದು ಬಿಸಿ ಅಡುಗೆಮನೆಯಲ್ಲಿ ಬ್ಯಾಗ್ ಬಿಚ್ಚಬೇಡಿ. ಅರ್ಧ ಗಂಟೆ ಮುಚ್ಚಿದ ಹಾಗೇ ಇರಲಿ.

ನನ್ನ ಮೊದಲ ಲೆನ್ಸನ್ನು ಒಂದು ಮಳೆಗಾಲ ಪೂರ್ತಿ ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಬೀಗ ಹಾಕಿದ್ದೆ. ದಸರಾ ಹೊತ್ತಿಗೆ ತೆಗೆದರೆ ಗಾಜಿನೊಳಗೆ ಜೇಡರ ಬಲೆ ಥರ ಫಂಗಸ್. ರಿಪೇರಿಯವರು ಬಿಚ್ಚಿ ಒರೆಸಿಕೊಟ್ಟರು. ಮುಂದಿನ ವರ್ಷ ಮತ್ತೆ ಬಂತು, ಗಾಜಿನ ಲೇಪವನ್ನೇ ತಿಂದಿತ್ತು.

ಡ್ರೈ ಕ್ಯಾಬಿನೆಟ್ (ತೇವವನ್ನು ಹಿಡಿತದಲ್ಲಿಡುವ ಕಪಾಟು) ಇದ್ದರೆ ತೇವ 40ರಿಂದ 50 ಪರ್ಸೆಂಟಿಗೆ ಇಟ್ಟರೆ ಸಾಕು. ಇಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು. ಕೆಲಸದಲ್ಲಿ ಎರಡೂ ಒಂದೇ, ಆದರೆ ಡಬ್ಬಿಗೆ ನಿಮ್ಮ ನೆನಪು ಬೇಕು. ನೀಲಿ ಹರಳು ಗುಲಾಬಿ ಆಗಿದ್ದರೆ ಅದರ ಹೊಟ್ಟೆ ತುಂಬಿದೆ ಅಂತ. ಮತ್ತೆ ಸಣ್ಣ ಉರಿಯಲ್ಲಿ ನೀಲಿ ಆಗುವವರೆಗೆ ಹುರಿಯಬೇಕು. ಅದಕ್ಕೆ ಅಂತಲೇ ಒಂದು ಹಳೇ ಬಾಣಲೆ ಬೇರೆ ಇಡಿ, ಆ ನೀಲಿ ಬಣ್ಣ ಹೊಟ್ಟೆಗೆ ಹೋಗಬಾರದು. ನಾನು ಒಂದು ಸಲ ರೊಟ್ಟಿ ಕಾವಲಿಗೆ ಹಾಕಿ ಸಿಕ್ಕಿಬಿದ್ದೆ. ಆ ಕಾವಲಿ ಈಗ ನನ್ನದೇ.